ಬ್ಲಾಸಮ್ ಡಿಯರಿ ಮತ್ತು ಅವರ ನೈಟ್‌ಕ್ಲಬ್ ಗಾಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಜಾಝ್ ಹಾಡುಗಳ ನಡುವೆ ಎಲ್ಲೋ ಬ್ಲಾಸಮ್ ಡಿಯರಿ ಅವರ ದನಿ ಕಿವಿಗೆ ಬಿದ್ದು, ಇವರು ಯಾರು ಎಂದು ಹುಡುಕುತ್ತ ಬಂದವರಿಗಾಗಿ ಈ ಪ್ರಶ್ನೋತ್ತರ. ಮೊದಲೇ ಹೇಳಿಬಿಡುತ್ತೇನೆ: ಇವರನ್ನು ಮುದ್ದು ದನಿಯ ಗಾಯಕಿ ಎಂದು ಕರೆದು ಸುಮ್ಮನಾಗುವವರ ಜೊತೆ ನನಗೆ ತಕರಾರಿದೆ. ಆ ದನಿಯ ಹಿಂದೆ ಒಬ್ಬ ಗಟ್ಟಿ ಪಿಯಾನೊ ವಾದಕಿ ಇದ್ದರು, ಒಬ್ಬ ಸಂಯೋಜಕಿ ಇದ್ದರು, ತನ್ನ ಕಲೆಗೆ ಎಂಥ ಕೋಣೆ ಬೇಕು ಎಂದು ಜೀವನವಿಡೀ ಪಟ್ಟುಹಿಡಿದು ಕೇಳಿದ ವೃತ್ತಿಪರೆ ಇದ್ದರು. ಉತ್ತರಗಳು ಮತ್ತೆ ಮತ್ತೆ ಆ ಕಡೆಗೇ ಹೊರಳುವುದು ಅದಕ್ಕಾಗಿ.

ಬ್ಲಾಸಮ್ ಡಿಯರಿ ಯಾರು?

ಅಮೆರಿಕದ ಗಾಯಕಿ, ಪಿಯಾನೊ ವಾದಕಿ, ಗೀತ ಸಂಯೋಜಕಿ. ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳ ಸೀಮೆಯ ಈಸ್ಟ್ ಡರ್‌ಹಮ್ ಎಂಬ ಸಣ್ಣ ಊರಿನಲ್ಲಿ 1924ರ ಏಪ್ರಿಲ್ 28ರಂದು ಹುಟ್ಟಿದರು. 2009ರ ಫೆಬ್ರುವರಿ 7ರಂದು ನ್ಯೂಯಾರ್ಕ್ ನಗರದ ಗ್ರೆನಿಚ್ ವಿಲೇಜ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಹಳೆಯ ಕೆಲವು ಬರಹಗಳಲ್ಲಿ ಹುಟ್ಟಿದ ವರ್ಷ 1926 ಎಂದು ಅಚ್ಚಾಗಿದೆ, ಓದುಗರ ಗೊಂದಲಕ್ಕೆ ಅದೇ ಕಾರಣ.

ಬಾಲ್ಯದಲ್ಲಿ ಕಲಿತದ್ದು ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ. ಹದಿಹರೆಯದಲ್ಲಿ ಮನಸ್ಸು ಜಾಝ್ ಕಡೆಗೆ ವಾಲಿತು. 1940ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ನಗರಕ್ಕೆ ಬಂದು, ವುಡಿ ಹರ್ಮನ್ ವಾದ್ಯವೃಂದದ ಜೊತೆಗಿದ್ದ ‘ಬ್ಲೂ ಫ್ಲೇಮ್ಸ್’ ಮತ್ತು ಆಲ್ವಿನೊ ರೇ ವೃಂದದ ‘ಬ್ಲೂ ರೇಸ್’ ಎಂಬ ಗಾಯನ ತಂಡಗಳಲ್ಲಿ ಹಾಡಿದರು. ಅಲ್ಲಿಂದ 2006ರವರೆಗೆ, ಸುಮಾರು ಆರು ದಶಕಗಳ ಕಾಲ, ಅವರು ಹಾಡುವುದನ್ನು ನಿಲ್ಲಿಸಲಿಲ್ಲ.

ಅದು ನಿಜವಾದ ಹೆಸರೇ, ವೇದಿಕೆಗೆ ಇಟ್ಟುಕೊಂಡದ್ದೇ?

ನಿಜವಾದ ಹೆಸರೇ. ಪೂರ್ಣ ಹೆಸರು ಮಾರ್ಗ್ರೆಥ ಬ್ಲಾಸಮ್ ಡಿಯರಿ. ಡಿಯರಿ ಎಂಬುದು ತಂದೆಯ ಮನೆತನದ ಹೆಸರು. ಮಗು ಹುಟ್ಟಿದ ದಿನ ಯಾರೋ ಪೀಚ್ ಹೂಗಳನ್ನು ಮನೆಗೆ ತಂದಿದ್ದರು, ಅದರಿಂದ ಬ್ಲಾಸಮ್ ಎಂದಾಯಿತು ಎಂಬ ಕಥೆಯೊಂದಿದೆ. ನ್ಯೂಯಾರ್ಕಿಗೆ ಬಂದ ಮೇಲೆ ಮೊದಲ ಹೆಸರನ್ನು ಬಿಟ್ಟರು.

ದನಿ ಏಕೆ ಅಷ್ಟು ಚಿಕ್ಕದು? ತರಬೇತಿ ಸಾಲದೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ದನಿ ಸ್ವಭಾವದಿಂದಲೇ ಸಣ್ಣದು, ಎತ್ತರದ ಶ್ರುತಿಯದು. ಅದನ್ನು ಉಬ್ಬಿಸಲು ಅವರು ಹೋಗಲಿಲ್ಲ. ‘ದಿ ನ್ಯೂಯಾರ್ಕರ್’ ಪತ್ರಿಕೆಯ ಜಾಝ್ ವಿಮರ್ಶಕ ವಿಟ್ನಿ ಬ್ಯಾಲಿಯೆಟ್, ಈ ದನಿ ಗೊಂಬೆಮನೆಯ ಎರಡನೆಯ ಮಹಡಿಯನ್ನೂ ಮುಟ್ಟಲಾರದು ಎಂಬರ್ಥದ ಮಾತು ಬರೆದಿದ್ದರು. ಡಿಯರಿ ಅವರ ಬಗ್ಗೆ ಬಂದ ಬರಹಗಳಲ್ಲೆಲ್ಲ ಆ ಮಾತು ಸುತ್ತಾಡುತ್ತಲೇ ಇದೆ. ಅಳತೆಯ ಮಟ್ಟಿಗೆ ಅದು ಸರಿ. ಆದರೆ ಅಷ್ಟು ಸಣ್ಣ ದನಿಯಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದನ್ನು ಕೇಳದೆ ಹೋದರೆ ಮುಖ್ಯವಾದುದೇ ಕೈತಪ್ಪುತ್ತದೆ.

ಗಮನವಿಟ್ಟು ಕೇಳಿ: ಸ್ವರದಲ್ಲಿ ಕಂಪನ ಇಲ್ಲವೆನ್ನುವಷ್ಟು ಕಡಿಮೆ. ಕಂಪನವಿಲ್ಲದ ಸ್ವರ ಕೂದಲೆಳೆಯಷ್ಟು ಜಾರಿದರೂ ತಪ್ಪು ಎದ್ದು ಕಾಣುತ್ತದೆ, ಮರೆಮಾಚಲು ಎಡೆಯೇ ಇರುವುದಿಲ್ಲ. ಡಿಯರಿ ಜಾರುವುದಿಲ್ಲ. ಪದಗಳ ಪ್ರತಿಯೊಂದು ವ್ಯಂಜನವೂ ಬಿಡಿಬಿಡಿಯಾಗಿ ಕೇಳುತ್ತದೆ. ಸಾಲಿನ ಕೊನೆಯ ಪದವನ್ನು ಎಳೆದಾಡದೆ ಅಲ್ಲಿಗೇ ಬಿಟ್ಟು, ಉಳಿದ ಜಾಗದಲ್ಲಿ ಪಿಯಾನೊದ ಒಂದೇ ಒಂದು ಸ್ವರಗುಚ್ಛ ಇಡುತ್ತಾರೆ. ಹಾಡುವವರೂ ನುಡಿಸುವವರೂ ಒಬ್ಬರೇ ಆದ್ದರಿಂದ ಆ ಸ್ವರಗುಚ್ಛ ಎಲ್ಲಿ ಬೀಳಬೇಕೋ ಅಲ್ಲಿಯೇ ಬೀಳುತ್ತದೆ. ಇದನ್ನು ಬೇರೆ ಪಕ್ಕವಾದ್ಯದವರಿಂದ ಮಾಡಿಸುವುದು ಬಹಳ ಕಷ್ಟ.

‘ಒಕ್ಲಹೋಮ’ ಸಂಗೀತ ನಾಟಕದ ‘ದ ಸರ್ರಿ ವಿತ್ ದ ಫ್ರಿಂಜ್ ಆನ್ ಟಾಪ್’ ಹಾಡನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕುದುರೆಗಾಡಿಯ ಸವಾರಿಯ ಆ ಹಾಡನ್ನು ಹೆಚ್ಚಿನವರು ಗಾಡಿಯ ಓಟದ ಲಯದಲ್ಲೇ ಹಾಡುತ್ತಾರೆ. ಡಿಯರಿ ಅದನ್ನು ತೀರ ನಿಧಾನಕ್ಕೆ ಇಳಿಸಿದರು. ಆಗ ಅದು ಗಾಡಿಯ ವರ್ಣನೆಯಾಗಿ ಉಳಿಯದೆ, ಹುಡುಗಿಯನ್ನು ಒಲಿಸಿಕೊಳ್ಳಲು ಹುಡುಗನೊಬ್ಬ ಕಟ್ಟುತ್ತಿರುವ ಕನಸು ಎಂಬುದು ತಿಳಿಯುತ್ತದೆ. ದೊಡ್ಡ ದನಿಯವರಿಗೆ ಆ ನಿಧಾನ ಒಗ್ಗುವುದಿಲ್ಲ. ಅವರ ದನಿಗೆ ಓಡಲು ಜಾಗ ಬೇಕು.

ನೈಟ್‌ಕ್ಲಬ್ ಎಂದರೆ ನಾವು ಹಿಂದಿ ಸಿನಿಮಾಗಳಲ್ಲಿ ನೋಡಿದ ಕುಣಿತದ ಜಾಗವೇ?

ಅಲ್ಲ. ಡಿಯರಿ ಹಾಡುತ್ತಿದ್ದದ್ದು ಚಿಕ್ಕ ಮೇಜುಗಳನ್ನು ಒತ್ತೊತ್ತಾಗಿ ಹಾಕಿದ, ಒಂದು ಮೂಲೆಯಲ್ಲಿ ಪಿಯಾನೊ ಇಟ್ಟ ಸಣ್ಣ ಕೋಣೆಗಳಲ್ಲಿ. ಬಂದವರು ಊಟ ಮಾಡುತ್ತಾರೆ ಅಥವಾ ಪಾನೀಯ ತರಿಸಿಕೊಳ್ಳುತ್ತಾರೆ. ಗಾಯಕರ ಮುಖ ಎಲ್ಲರಿಗೂ ಕಾಣುತ್ತದೆ. ಬಾಗಿಲಲ್ಲಿ ಪ್ರವೇಶ ಶುಲ್ಕ, ಅದರ ಮೇಲೆ ಕನಿಷ್ಠ ಇಷ್ಟು ಮೊತ್ತದ ತಿಂಡಿ ಅಥವಾ ಪಾನೀಯ ಕೊಳ್ಳಲೇಬೇಕೆಂಬ ನಿಯಮ. ಗಾಯಕರನ್ನು ಒಂದೇ ರಾತ್ರಿಗೆ ಕರೆಸುವುದಕ್ಕಿಂತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಗೊತ್ತುಮಾಡಿಕೊಳ್ಳುವುದೇ ರೂಢಿ. ಅದೇ ಕೋಣೆ, ಅದೇ ಪಿಯಾನೊ, ಪ್ರತಿ ರಾತ್ರಿ ಹೊಸ ಕೇಳುಗರು. ಕಲಾವಿದರು ಹಾಡಿನ ಕ್ರಮವನ್ನು ತಿದ್ದುತ್ತ, ಯಾವ ಪದಕ್ಕೆ ಜನ ನಗುತ್ತಾರೆ, ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆ ಎಂದು ಕಲಿಯುತ್ತ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ಕಾನೂನಿನ ಕೈಯೂ ಇದರಲ್ಲಿತ್ತು. ಊಟ, ಪಾನೀಯ ಮಾರುವ ಜಾಗಗಳಲ್ಲಿ ಹಾಡು, ಕುಣಿತಕ್ಕೆ ಪರವಾನಗಿ ಬೇಕೆಂದು ನ್ಯೂಯಾರ್ಕ್ ನಗರದಲ್ಲಿ 1926ರಲ್ಲಿ ಬಂದ ಕ್ಯಾಬರೆ ಕಾನೂನು ರದ್ದಾದದ್ದು 2017ರಲ್ಲಿ. 1940ರಿಂದ 1967ರವರೆಗೆ ಕ್ಲಬ್‌ಗಳಲ್ಲಿ ಕೆಲಸ ಮಾಡುವ ಕಲಾವಿದರು ಪೊಲೀಸರಿಂದ ಪರವಾನಗಿ ಚೀಟಿ ಪಡೆಯಬೇಕಿತ್ತು. ಬಿಲ್ಲಿ ಹಾಲಿಡೇ, ಥೆಲೋನಿಯಸ್ ಮಂಕ್ ಅಂಥವರು ಆ ಚೀಟಿ ಕಳೆದುಕೊಂಡು ವರ್ಷಗಟ್ಟಲೆ ಊರಿನ ಕ್ಲಬ್‌ಗಳಿಂದ ಹೊರಗುಳಿಯಬೇಕಾಯಿತು. ಕ್ಯಾಬರೆ ಪರವಾನಗಿ ಇಲ್ಲದ ಉಪಾಹಾರ ಗೃಹಗಳಲ್ಲಿ ಮೂವರಿಗಿಂತ ಹೆಚ್ಚು ವಾದಕರು ಕೂಡದು, ತುತ್ತೂರಿ ಮತ್ತು ಡ್ರಮ್ ಕೂಡದು ಎಂಬ ನಿರ್ಬಂಧ 1980ರ ದಶಕದ ಉತ್ತರಾರ್ಧದಲ್ಲಿ ನ್ಯಾಯಾಲಯ ತಳ್ಳಿಹಾಕುವವರೆಗೂ ಇತ್ತು. ಪಿಯಾನೊ, ಮಂದ್ರಸ್ವರದ ತಂತಿವಾದ್ಯ ಬಾಸ್ ಮತ್ತು ಒಂದು ದನಿ ಎಂಬ ಚಿಕ್ಕ ಮೇಳ ನ್ಯೂಯಾರ್ಕಿನಲ್ಲಿ ಅಷ್ಟು ಬೇರೂರಲು ಸೌಂದರ್ಯದೃಷ್ಟಿಯಷ್ಟೇ ಈ ನಿಯಮವೂ ಕಾರಣ ಎಂದು ನನ್ನ ಎಣಿಕೆ.

ಮಾತನಾಡುವ ಕೇಳುಗರನ್ನು ಗದರಿಸುತ್ತಿದ್ದರಂತೆ. ನಿಜವೇ?

ನಿಜ. ಮೇಜಿನಲ್ಲಿ ಹರಟೆ ಎದ್ದರೆ ಹಾಡು ನಿಲ್ಲಿಸಿ ಸುಮ್ಮನಿರಲು ಹೇಳುತ್ತಿದ್ದರು. ನ್ಯೂಯಾರ್ಕ್ ನಗರ ಬಾರ್‌ಗಳಲ್ಲಿ ಧೂಮಪಾನ ನಿಷೇಧಿಸಿದ್ದು 2003ರಲ್ಲಿ. ಡಿಯರಿ ಅದಕ್ಕೆ ಎಷ್ಟೋ ವರ್ಷ ಮೊದಲೇ ತಮ್ಮ ಕಾರ್ಯಕ್ರಮದಲ್ಲಿ ಸಿಗರೇಟು ಬೇಡ ಎಂದು ಷರತ್ತು ಹಾಕುತ್ತಿದ್ದರು. ಹಾಡುವಾಗ ಗಾಜಿನ ಲೋಟಗಳ ಸದ್ದನ್ನೂ ಸಹಿಸುತ್ತಿರಲಿಲ್ಲ.

ಇದನ್ನು ಕೆಲವರು ಅಹಂಕಾರ ಎಂದರು, ಕೆಲವರು ವಿಚಿತ್ರ ಸ್ವಭಾವ ಎಂದರು. ನನಗೆ ಇದು ಕಸುಬಿನ ಲೆಕ್ಕಾಚಾರವಾಗಿ ಕಾಣುತ್ತದೆ. ತುಂಬು ಕಂಠದ ಗಾಯಕಿ ಗದ್ದಲದ ಮೇಲೆ ಹತ್ತಿ ಹಾಡಬಲ್ಲರು, ತುತ್ತೂರಿ ವಾದಕರು ಗದ್ದಲವನ್ನು ಮುಳುಗಿಸಬಲ್ಲರು. ಡಿಯರಿ ಅವರ ಸಂಗೀತ ಇರುವುದೇ ಮೌನದ ಅಂಚಿನಲ್ಲಿ. ಹಿಂದಿನ ಮೇಜಿನ ಒಂದು ಪಿಸುಮಾತು ಒಂದು ಇಡೀ ಸಾಲನ್ನು ತಿಂದುಹಾಕುತ್ತದೆ. ಕ್ಲಬ್‌ನ ಯಜಮಾನನಿಗೆ ಪಾನೀಯದ ಮಾರಾಟದಿಂದ ಲಾಭ, ಹಾಡುಗಾರ್ತಿಗೆ ಮೌನದಿಂದ. ಈ ಎರಡರ ಎಳೆದಾಟದಲ್ಲಿ ಬಹುತೇಕ ಕಲಾವಿದರು ಸೋತು ದನಿ ಎತ್ತರಿಸಿದರು. ಇವರು ದನಿ ಎತ್ತರಿಸಲಿಲ್ಲ. ಪಾನೀಯಕ್ಕಾಗಿ ಬಂದ ಕೇಳುಗರು ಮುನಿಸಿಕೊಂಡು ಎದ್ದು ಹೋದರೆ ಹೋಗಲಿ ಎನ್ನುವ ಧೈರ್ಯ ಅವರಿಗಿತ್ತು. ಉಳಿದವರು ಮತ್ತೆ ಮತ್ತೆ ಬಂದರು.

ಪ್ಯಾರಿಸ್‌ಗೆ ಹೋದದ್ದು ಏಕೆ? ಅಲ್ಲಿ ಏನು ಮಾಡಿದರು?

1952ರಲ್ಲಿ ಹೋದರು. ಅದಕ್ಕೆ ಮೊದಲೇ ನ್ಯೂಯಾರ್ಕಿನಲ್ಲಿ ಒಳ್ಳೆಯ ಸಹವಾಸ ಸಿಕ್ಕಿತ್ತು: 55ನೇ ಬೀದಿಯಲ್ಲಿ ಜಾಝ್ ಸಂಯೋಜಕ ಗಿಲ್ ಎವನ್ಸ್ ಅವರ ನೆಲಮಾಳಿಗೆಯ ಕೋಣೆಯಲ್ಲಿ ತುತ್ತೂರಿ ವಾದಕ ಮೈಲ್ಸ್ ಡೇವಿಸ್, ಸ್ಯಾಕ್ಸೊಫೋನ್ ವಾದಕ ಜೆರಿ ಮಲ್ಲಿಗನ್ ಮೊದಲಾದವರು ಸೇರುತ್ತಿದ್ದ ಗುಂಪಿನಲ್ಲಿ ಡಿಯರಿಯೂ ಇದ್ದರು. ತಣ್ಣನೆಯ, ಅಬ್ಬರವಿಲ್ಲದ ಜಾಝ್ ರೂಪುಗೊಂಡದ್ದು ಆ ಮಾತುಕತೆಗಳಲ್ಲಿ. ಅವರ ಹಾಡುಗಾರಿಕೆಯ ಮಿತಭಾಷೆಗೆ ಬೇರು ಅಲ್ಲಿಯೇ ಇರಬೇಕು. ಗಾಯಕ ಕಿಂಗ್ ಪ್ಲೆಶರ್ ಅವರ ‘ಮೂಡೀಸ್ ಮೂಡ್ ಫಾರ್ ಲವ್’ ಗ್ರಾಮಫೋನ್ ತಟ್ಟೆಯಲ್ಲಿ ಕೆಲವೇ ಕ್ಷಣ ಕೇಳಿಬರುವ ಹೆಣ್ಣು ದನಿಯೂ ಇವರದೇ.

ಪ್ಯಾರಿಸ್‌ನಲ್ಲಿ ‘ಬ್ಲೂ ಸ್ಟಾರ್ಸ್’ ಎಂಬ ಗಾಯನ ತಂಡ ಕಟ್ಟಿದರು. ಸಂಯೋಜಕ ಮಿಶೆಲ್ ಲೆಗ್ರಾಂ ಅವರ ಅಕ್ಕ ಕ್ರಿಸ್ಟಿಯಾನ್ ಅದರಲ್ಲಿ ಹಾಡುತ್ತಿದ್ದರು. ‘ಲಲಬಿ ಆಫ್ ಬರ್ಡ್‌ಲ್ಯಾಂಡ್’ ಹಾಡನ್ನು ಫ್ರೆಂಚ್ ಮಾತುಗಳಲ್ಲಿ ಹಾಡಿದ ಅವರ ತಟ್ಟೆ ಫ್ರಾನ್ಸಿನಲ್ಲಿಯೂ ಆಮೇಲೆ ಅಮೆರಿಕದಲ್ಲಿಯೂ ಜನಪ್ರಿಯವಾಯಿತು. ಇದೇ ಕಾಲದಲ್ಲಿ ಹಾಡೇ ಇಲ್ಲದ, ಬರಿಯ ಪಿಯಾನೊ ವಾದನದ ತಟ್ಟೆಯೊಂದನ್ನೂ ಮುದ್ರಿಸಿದರು. ಇವರನ್ನು ಗಾಯಕಿ ಎಂದಷ್ಟೇ ತಿಳಿದವರು ಅದನ್ನು ಕೇಳಲೇಬೇಕು.

ಮದುವೆಯಾಗಿದ್ದರೇ?

ಪ್ಯಾರಿಸ್‌ನಲ್ಲಿ ಪರಿಚಯವಾದ ಬೆಲ್ಜಿಯಂನ ಸ್ಯಾಕ್ಸೊಫೋನ್ ಮತ್ತು ಕೊಳಲು ವಾದಕ ಬಾಬಿ ಜಾಸ್ಪರ್ ಅವರನ್ನು ಮದುವೆಯಾಗಿದ್ದರು. ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಜಾಸ್ಪರ್ 1963ರಲ್ಲಿ ತೀರಿಕೊಂಡರು. ‘ಮೈ ಜೆಂಟಲ್‌ಮನ್ ಫ್ರೆಂಡ್’ ಆಲ್ಬಮ್‌ನಲ್ಲಿ ಕೇಳುವ ಕೊಳಲು ಅವರದು.

ವರ್ವ್ ಆಲ್ಬಮ್‌ಗಳಿಗೆ ಅಷ್ಟೊಂದು ಹೆಸರೇಕೆ?

ವರ್ವ್ ಕಂಪನಿಯ ನಾರ್ಮನ್ ಗ್ರಾಂಝ್ ಇವರನ್ನು ಗುರುತಿಸಿದ್ದು ಪ್ಯಾರಿಸ್ ದಿನಗಳಲ್ಲಿ. 1956ರಿಂದ 1960ರ ನಡುವೆ ಆರು ಆಲ್ಬಮ್‌ಗಳು ಮುದ್ರಣವಾದವು. ಮೊದಲನೆಯದರಲ್ಲಿ ಹರ್ಬ್ ಎಲಿಸ್ ಗಿಟಾರ್, ರೇ ಬ್ರೌನ್ ಬಾಸ್, ಜೋ ಜೋನ್ಸ್ ಡ್ರಮ್. ಜಾಝ್ ತಿಳಿದವರಿಗೆ ಈ ಹೆಸರುಗಳೇ ಸಾಕು. ಜೋ ಜೋನ್ಸ್ ಕೌಂಟ್ ಬೇಸಿ ವೃಂದದ ಲಯಕ್ಕೆ ಜೀವವಾಗಿದ್ದವರು, ರೇ ಬ್ರೌನ್ ಆಸ್ಕರ್ ಪೀಟರ್ಸನ್ ತ್ರಯದ ಆಧಾರ. ಅಂಥವರು ಈ ಪಿಸುದನಿಯ ಹಿಂದೆ ಬೆಕ್ಕಿನ ಹೆಜ್ಜೆಯಲ್ಲಿ ನಡೆಯುವುದನ್ನು ಕೇಳುವುದೇ ಒಂದು ಸುಖ.

‘ಒನ್ಸ್ ಅಪಾನ್ ಎ ಸಮರ್‌ಟೈಮ್’ ಈ ಸಾಲಿನ ಶಿಖರ. ಅದರ ಶೀರ್ಷಿಕೆ ಗೀತೆ ಮೂಲದಲ್ಲಿ ಮಿಶೆಲ್ ಲೆಗ್ರಾಂ ಮತ್ತು ಎಡ್ಡಿ ಬಾರ್ಕ್ಲೆ ಅವರ ಫ್ರೆಂಚ್ ಹಾಡು, ಇಂಗ್ಲಿಷ್ ಸಾಹಿತ್ಯ ಜಾನಿ ಮರ್ಸರ್ ಅವರದು. ಕೆಲವು ವರ್ಷಗಳ ನಂತರ ಮೈಲ್ಸ್ ಡೇವಿಸ್ ಮತ್ತು ಗಿಲ್ ಎವನ್ಸ್ ಅದೇ ಹಾಡನ್ನು ಎತ್ತಿಕೊಂಡರು. ಡಿಯರಿ ಅವರ ರೂಪವನ್ನೂ ಆ ರೂಪವನ್ನೂ ಒಂದರ ಹಿಂದೆ ಒಂದು ಕೇಳಿದರೆ ಇಬ್ಬರೂ ಒಂದೇ ಮನೆಯ ಮಾತು ಕಲಿತವರು ಎಂಬುದು ತಿಳಿಯುತ್ತದೆ.

ಆರನೆಯದಕ್ಕೆ ದೊಡ್ಡ ವಾದ್ಯವೃಂದ ಕೂಡಿಸಿದರು. 1964ರಲ್ಲಿ ಕ್ಯಾಪಿಟಲ್ ಕಂಪನಿಗೆ ಮಾಡಿದ ‘ಮೇ ಐ ಕಮ್ ಇನ್?’ ಕೂಡ ಹಾಗೆಯೇ. ಅವುಗಳನ್ನು ಮೆಚ್ಚುವವರಿದ್ದಾರೆ. ನನಗೆ ಅಲ್ಲಿ ಪಿಟೀಲುಗಳೇ ಹೆಚ್ಚಾಗಿ ಕೇಳುತ್ತವೆ, ಡಿಯರಿ ಕಡಿಮೆ.

ರೂಟ್ ಬಿಯರ್ ಜಾಹೀರಾತಿನಲ್ಲಿ ಹಾಡಿದ್ದು ಇವರೇ?

ಹೌದು, 1960ರ ದಶಕದ ಆರಂಭದಲ್ಲಿ, ಮದ್ಯವಲ್ಲದ ತಂಪು ಪಾನೀಯವಾದ ಹೈರ್ಸ್ ರೂಟ್ ಬಿಯರ್‌ಗಾಗಿ. ಆ ಕಂಪನಿಯ ಪ್ರಚಾರಕ್ಕೆಂದೇ ‘ರೂಟಿನ್ ಸಾಂಗ್ಸ್’ ಎಂಬ ಆಲ್ಬಮ್ ಕೂಡ ಬಂತು. ಪ್ರಚಾರದ ತಟ್ಟೆಯಾದರೂ ಹಾಡುಗಾರಿಕೆಯಲ್ಲಿ ಕಳಪೆಯಿಲ್ಲ.

ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ ಇವರ ಜೀವನದಲ್ಲಿ ಅಷ್ಟು ಮುಖ್ಯವೇ?

ಬಹಳ ಮುಖ್ಯ. 1960ರ ದಶಕದ ನಡುವಿಗೆ ರಾಕ್ ಸಂಗೀತ ಅಮೆರಿಕದ ಮಾರುಕಟ್ಟೆಯನ್ನು ಆವರಿಸಿತ್ತು. ಇಂಥ ಸಣ್ಣ ಕೋಣೆಯ ಗಾಯಕರಿಗೆ ರೆಕಾರ್ಡ್ ಕಂಪನಿಗಳಲ್ಲಿ ಆಸಕ್ತಿ ಉಳಿದಿರಲಿಲ್ಲ. ರಾನಿ ಸ್ಕಾಟ್ಸ್ 1959ರಲ್ಲಿ ಗೆರಾರ್ಡ್ ಬೀದಿಯಲ್ಲಿ ಶುರುವಾಗಿ, 1965ರ ಕೊನೆಗೆ ಸೋಹೊದ ಫ್ರಿತ್ ಬೀದಿಗೆ ಬಂದಿತ್ತು. ಆ ಹೊಸ ಜಾಗದಲ್ಲಿ 1966ರಲ್ಲಿ ಡಿಯರಿ ಹಾಡಿದರು. ಅಲ್ಲಿಯೇ ನೇರವಾಗಿ ಮುದ್ರಿಸಿದ ‘ಬ್ಲಾಸಮ್ ಟೈಮ್ ಅಟ್ ರಾನಿ ಸ್ಕಾಟ್ಸ್’ ಫೊಂಟಾನ ಕಂಪನಿಯಿಂದ ಹೊರಬಂತು. ಮರುವರ್ಷ ‘ಸ್ವೀಟ್ ಬ್ಲಾಸಮ್ ಡಿಯರಿ’ ಬಂತು. ಆಮೇಲೆ ವರ್ಷ ವರ್ಷವೂ ಅವರು ಲಂಡನ್ನಿಗೆ ಮರಳಿದರು.

ಈ ಎರಡು ತಟ್ಟೆಗಳನ್ನು ಕೇಳಿದರೆ ನೈಟ್‌ಕ್ಲಬ್ ಗಾಯನ ಎಂದರೇನು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ. ಡೇವ್ ಫ್ರಿಶ್‌ಬರ್ಗ್ ಸಾಹಿತ್ಯಕ್ಕೆ ಬಾಬ್ ಡೊರೊ ರಾಗ ಹಾಕಿದ ‘ಐಯಾಮ್ ಹಿಪ್’ ಹಾಡಿಗೆ ಜನ ನಗುವುದು, ಮುಂದಿನ ಸಾಲು ಕೇಳಲು ಥಟ್ಟನೆ ಸುಮ್ಮನಾಗುವುದು, ಹಾಡುಗಾರ್ತಿ ಆ ನಗು ಇಳಿಯುವಷ್ಟೇ ಹೊತ್ತು ಪಿಯಾನೊದಲ್ಲಿ ಕಾಯುವುದು, ಎಲ್ಲವೂ ಅಲ್ಲಿದೆ. ಸ್ಟುಡಿಯೋದಲ್ಲಿ ಇದು ಹುಟ್ಟುವುದಿಲ್ಲ.

ಸ್ವತಃ ಹಾಡು ಬರೆಯುತ್ತಿದ್ದರೇ, ಬೇರೆಯವರ ಹಾಡುಗಳನ್ನು ಹಾಡುತ್ತಿದ್ದರೇ?

ಎರಡೂ. ವರ್ವ್ ಕಾಲದಲ್ಲಿ ಹಾಡಿದ್ದು ಹೆಚ್ಚಾಗಿ ಬ್ರಾಡ್‌ವೇ ನಾಟಕಗಳ ಹಾಡುಗಳನ್ನು, ಅದರಲ್ಲಿಯೂ ಬೇರೆಯವರು ಮರೆತ ಹಾಡುಗಳನ್ನು. ಲಂಡನ್ ದಿನಗಳಿಂದ ಸ್ವಂತ ರಚನೆಗಳು ಹೆಚ್ಚಾದವು. ಅವರು ಬಹುತೇಕ ರಾಗ ಕಟ್ಟುತ್ತಿದ್ದರು, ಸಾಹಿತ್ಯ ಜೊತೆಗಾರರದು.

ಬ್ರಿಟನ್ನಿನ ಗಾಯಕ ಜಾರ್ಜಿ ಫೇಮ್ ಬಗ್ಗೆ ‘ಸ್ವೀಟ್ ಜಾರ್ಜಿ ಫೇಮ್’, ಜಾನ್ ಲೆನನ್ ಬಗ್ಗೆ ‘ಹೇ ಜಾನ್’, ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಬಗ್ಗೆ ಅವರ ಹೆಸರಿನದೇ ಒಂದು ಹಾಡು. ಸಮಕಾಲೀನ ಕಲಾವಿದರಿಗೆ ಹಾಡಿನಲ್ಲೇ ಪತ್ರ ಬರೆದಂತಿರುವ ಈ ಹಾಡುಗಳನ್ನು ಹಗುರವೆಂದು ತಳ್ಳಿಹಾಕುವುದು ಸುಲಭ. ಆದರೆ ಪಾಪ್ ಸಂಗೀತ ತಮ್ಮ ಅನ್ನವನ್ನೇ ಕಸಿಯುತ್ತಿದ್ದ ಕಾಲದಲ್ಲಿ, ನಲವತ್ತು ದಾಟಿದ ಜಾಝ್ ಗಾಯಕಿಯೊಬ್ಬರು ಆ ಪಾಪ್ ಗಾಯಕರ ಕಡೆಗೆ ಇಷ್ಟು ಪ್ರೀತಿಯಿಂದ, ಕುತೂಹಲದಿಂದ ತಿರುಗಿದ್ದು ನನಗೆ ದೊಡ್ಡ ಸಂಗತಿ. ಆಗಿನ ಎಷ್ಟೋ ಜಾಝ್ ಕಲಾವಿದರಿಗೆ ಸಾಧ್ಯವಾಗದ ಔದಾರ್ಯ ಅದು.

ಜಾಕ್ ಸೀಗಲ್ ಸಾಹಿತ್ಯದ ‘ಬೈ ಬೈ ಕಂಟ್ರಿ ಬಾಯ್’ ಬೇರೆ ಬಗೆಯದು. ಊರೂರು ತಿರುಗುವ ಗಾಯಕಿ ಹಳ್ಳಿಯ ಹುಡುಗನೊಬ್ಬನನ್ನು ಬಿಟ್ಟು ಹೊರಡುವ ಹಾಡು ಅದು. ವಾರಕ್ಕೊಂದು ಊರಿನಲ್ಲಿ ಬದುಕುವ ವೃತ್ತಿಯ ಬಗ್ಗೆ ಇಷ್ಟು ಪ್ರಾಮಾಣಿಕವಾದ ಹಾಡು ಇನ್ನೊಂದನ್ನು ನಾನು ಕೇಳಿಲ್ಲ. ಫ್ರಿಶ್‌ಬರ್ಗ್ ಸಾಹಿತ್ಯಕ್ಕೆ ರಾಗ ಹಾಕಿದ ‘ಲಾಂಗ್ ಡ್ಯಾಡಿ ಗ್ರೀನ್’ ಹಣದ ಮೋಹದ ಬಗ್ಗೆ. ಹಿರಿಯ ಗೀತಕಾರ ಜಾನಿ ಮರ್ಸರ್ ಇವರ ರಾಗಕ್ಕೆ ‘ಐಯಾಮ್ ಶ್ಯಾಡೋಯಿಂಗ್ ಯೂ’ ಬರೆದರು. ತಮ್ಮ ಕೊನೆಯ ವರ್ಷಗಳಲ್ಲಿ ‘ಮೈ ನ್ಯೂ ಸೆಲೆಬ್ರಿಟಿ ಇಸ್ ಯೂ’ ಎಂಬ ಹಾಡನ್ನು ಇವರಿಗೆಂದೇ ಬರೆದುಕೊಟ್ಟರು. ಮರ್ಸರ್ ತೀರಿಕೊಂಡದ್ದು 1976ರಲ್ಲಿ.

ಇವರ ಸಂಗೀತ ಜಾಝೇ, ಪಾಪ್ ಹಾಡೇ?

ಸ್ವರಗುಚ್ಛಗಳ ಜೋಡಣೆ, ಲಯದ ನಿಲುವು ಜಾಝ್‌ನದು. ಆದರೆ ಇವರು ಹಾಡಿನ ರಾಗವನ್ನು ಮುರಿದು ಉದ್ದದ ಮನೋಧರ್ಮ ನಡೆಸುವುದಿಲ್ಲ, ಪದಗಳಿಗೆ ನಿಷ್ಠರಾಗಿರುತ್ತಾರೆ. ಆ ಮಟ್ಟಿಗೆ ಪಾಪ್ ಹಾಡುಗಾರ್ತಿ. ಅಂಗಡಿಯವರಿಗೆ ತಟ್ಟೆಯನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬ ಚಿಂತೆಯಿತ್ತು, ಅವರಿಗಿರಲಿಲ್ಲ.

ಸ್ವಂತ ರೆಕಾರ್ಡ್ ಕಂಪನಿ ತೆರೆದದ್ದು ಏಕೆ?

ದೊಡ್ಡ ಕಂಪನಿಗಳು ಕೈಬಿಟ್ಟವು, ಹಾಡುಗಳು ಮಾತ್ರ ಬರುತ್ತಲೇ ಇದ್ದವು. 1974ರಲ್ಲಿ ‘ಡ್ಯಾಫೊಡಿಲ್ ರೆಕಾರ್ಡ್ಸ್’ ಎಂಬ ಹೆಸರಿನಲ್ಲಿ ತಾವೇ ಕಂಪನಿ ಕಟ್ಟಿದರು. ಮೊದಲ ತಟ್ಟೆ ‘ಬ್ಲಾಸಮ್ ಡಿಯರಿ ಸಿಂಗ್ಸ್’. ಗ್ರೆನಿಚ್ ವಿಲೇಜ್‌ನ ರೀನೊ ಸ್ವೀನಿ ಕ್ಲಬ್‌ನಲ್ಲಿ ಮುದ್ರಿಸಿದ ‘ನೀಡಲ್‌ಪಾಯಿಂಟ್ ಮ್ಯಾಜಿಕ್’, ‘ಪಾಸಿಟಿವ್ಲಿ’, ‘ಸಾಂಗ್ಸ್ ಆಫ್ ಚೆಲ್ಸಿ’ ಹೀಗೆ ಹಲವು ಆಲ್ಬಮ್‌ಗಳು ಅದರಿಂದ ಬಂದವು. ಕಲಾವಿದರೇ ತಮ್ಮ ಸಂಗೀತ ಪ್ರಕಟಿಸುವುದು ಇಂದು ಮಾಮೂಲು, ಒಂದು ಮೊಬೈಲ್ ಇದ್ದರೆ ಸಾಕು. 1974ರಲ್ಲಿ ಮುದ್ರಣ, ತಟ್ಟೆ ಒತ್ತಿಸುವುದು, ಹೊದಿಕೆ, ವಿತರಣೆ ಎಲ್ಲಕ್ಕೂ ಕೈಯಿಂದ ಹಣ ಹಾಕಬೇಕಿತ್ತು. ಐವತ್ತರ ವಯಸ್ಸಿನ ಒಬ್ಬ ಮಹಿಳೆ ಅದನ್ನು ಕೈಗೆತ್ತಿಕೊಂಡರು. ಹಾಗಾಗದಿದ್ದರೆ ಅವರ ಸ್ವಂತ ರಚನೆಗಳಲ್ಲಿ ಎಷ್ಟೋ ನಮಗೆ ಸಿಗುತ್ತಿರಲಿಲ್ಲ. ಅವರ ವೃತ್ತಿಜೀವನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವ ನಿರ್ಧಾರ ಇದು.

ಮಕ್ಕಳ ಟಿವಿ ಕಾರ್ಯಕ್ರಮದಲ್ಲಿಯೂ ಇವರ ದನಿ ಇದೆಯಂತೆ?

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1973ರಲ್ಲಿ ಆರಂಭವಾದ ‘ಸ್ಕೂಲ್‌ಹೌಸ್ ರಾಕ್’ನಲ್ಲಿ ಎಂಟರ ಮಗ್ಗಿ ಕಲಿಸುವ ‘ಫಿಗರ್ ಎಯ್ಟ್’, ವಿಶೇಷಣಗಳ ಬಗೆಗಿನ ‘ಅನ್‌ಪ್ಯಾಕ್ ಯುವರ್ ಆಡ್ಜೆಕ್ಟಿವ್ಸ್’ ಹಾಡಿದ್ದಾರೆ. ಹಾಡುಗಳ ಮುಖ್ಯ ರೂವಾರಿ ಹಳೆಯ ಗೆಳೆಯ ಬಾಬ್ ಡೊರೊ. ಅಲ್ಲಿ ಮಗ್ಗಿ ಕಲಿತ ಮಕ್ಕಳ ತಲೆಮಾರಿಗೆ ಇವರ ಹೆಸರು ತಿಳಿಯದಿದ್ದರೂ ದನಿ ಗೊತ್ತು.

ಕೊನೆಯ ವರ್ಷಗಳ ನೈಟ್‌ಕ್ಲಬ್ ಕಾರ್ಯಕ್ರಮಗಳು ಹೇಗಿದ್ದವು?

1983ರಿಂದ ಮ್ಯಾನ್‌ಹಟನ್ನಿನ ಚೆಲ್ಸಿಯಲ್ಲಿದ್ದ ‘ದ ಬಾಲ್‌ರೂಮ್’ ಕ್ಲಬ್‌ನಲ್ಲಿ ವರ್ಷಕ್ಕೆ ಆರು ತಿಂಗಳು ಹಾಡುವ ಏರ್ಪಾಡು ಮಾಡಿಕೊಂಡರು. 1985ರಲ್ಲಿ ಗಾಯಕಿ ಮೇಬಲ್ ಮರ್ಸರ್ ಹೆಸರಿನ ಪ್ರತಿಷ್ಠಾನದ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದವರಲ್ಲಿ ಇವರೇ ಮೊದಲಿಗರು. ಸಣ್ಣ ಕೋಣೆಯಲ್ಲಿ ಪದಗಳಿಗೆ ಪ್ರಾಣ ತುಂಬಿ ಹಾಡುವ ಕಲೆಗೆ ಮೇಬಲ್ ಮರ್ಸರ್ ಅವರೇ ಮಾದರಿಯಾಗಿದ್ದರಿಂದ, ಇದಕ್ಕಿಂತ ಸರಿಯಾದ ಗೌರವ ಇವರಿಗೆ ಇರಲಾರದು.

ಕೊನೆಯ ನೆಲೆ 46ನೇ ಬೀದಿಯ ‘ಡ್ಯಾನೀಸ್ ಸ್ಕೈಲೈಟ್ ರೂಮ್’. ಉಪಾಹಾರ ಗೃಹಗಳೇ ಸಾಲಾಗಿರುವ ಆ ಬೀದಿಯಲ್ಲಿ, ಒಂದು ಥಾಯ್ ಊಟದ ಮನೆಯೊಳಗಿನ ಸಣ್ಣ ಸಂಗೀತ ಕೋಣೆ ಅದು. ನಾಟಕಶಾಲೆಗಳ ವಠಾರ ಹತ್ತಿರ. ವಾರಾಂತ್ಯದ ಸಂಜೆ, ರಾತ್ರಿ ಏರುವ ಮೊದಲೇ, ಡಿಯರಿ ಪಿಯಾನೊ ಮುಂದೆ ಕೂರುತ್ತಿದ್ದರು. ಎಂಬತ್ತು ದಾಟಿದ ಮೇಲೂ ಹಾಡಿದರು. ಸಣ್ಣ ದನಿಯನ್ನು ಎಂದೂ ಬಲವಂತಕ್ಕೆ ಒಡ್ಡದೆ ಇದ್ದುದರ ಫಲ ಆಗ ಕಂಡಿತು: ದನಿ ಒಣಗಿತ್ತು, ತೆಳುವಾಗಿತ್ತು, ಆದರೆ ಕಳೆದುಕೊಳ್ಳಲು ದೊಡ್ಡ ಎತ್ತರಗಳೇನೂ ಇರಲಿಲ್ಲ. ಅಮೆರಿಕದ ರಾಜ್ಯಗಳ ಹೆಸರುಗಳ ಮೇಲೆ ಶ್ಲೇಷೆಯಾಡುವ ‘ರೋಡ್ ಐಲೆಂಡ್ ಇಸ್ ಫೇಮಸ್ ಫಾರ್ ಯೂ’ ಅವರ ಗುರುತಿನ ಹಾಡುಗಳಲ್ಲೊಂದು. ಅಂಥ ಹಾಡು ನಿಲ್ಲುವುದು ಸಮಯಪ್ರಜ್ಞೆಯ ಮೇಲೆ. ಕಂಠ ಇಳಿದರೂ ಅದು ಉಳಿಯುತ್ತದೆ.

2006ರಲ್ಲಿ ಅಲ್ಲಿ ಅವರ ಕೊನೆಯ ಕಾರ್ಯಕ್ರಮಗಳು ನಡೆದವು. ಆ ಕೋಣೆಯೂ ಈಗ ಇಲ್ಲ.

ಇವರ ಪ್ರಭಾವ ಯಾರ ಮೇಲೆ ಆಗಿದೆ?

ಕೆನಡಾದ ಗಾಯಕಿ ಫೈಸ್ಟ್ 2004ರ ‘ಲೆಟ್ ಇಟ್ ಡೈ’ ಆಲ್ಬಮ್‌ನಲ್ಲಿ ಹಾಡಿದ ‘ನೌ ಅಟ್ ಲಾಸ್ಟ್’ ಡಿಯರಿ ಅವರ ಮೊದಲ ವರ್ವ್ ಆಲ್ಬಮ್‌ನಲ್ಲಿದ್ದ ಹಾಡು. ಎಲಿಯಟ್ ಸ್ಮಿತ್ ‘ಫಿಗರ್ ಎಯ್ಟ್’ ಹಾಡನ್ನು ತಮ್ಮದೇ ರೀತಿಯಲ್ಲಿ ಮುದ್ರಿಸಿದರು, 2000ದ ತಮ್ಮ ಆಲ್ಬಮ್‌ಗೂ ಅದೇ ಹೆಸರಿಟ್ಟರು. ಡಯಾನಾ ಕ್ರಾಲ್ 1997ರಲ್ಲಿ ಹಾಡಿ ಎಲ್ಲರಿಗೂ ಪರಿಚಯಿಸಿದ ‘ಪೀಲ್ ಮಿ ಎ ಗ್ರೇಪ್’ ಹಾಡನ್ನು ಡಿಯರಿ ಮೂವತ್ತು ವರ್ಷ ಮೊದಲೇ ಲಂಡನ್ನಿನಲ್ಲಿ ಹಾಡಿದ್ದರು. ಇನ್ನು ಪಿಯಾನೊ ಮುಂದೆ ಕೂತು ಮೆಲುದನಿಯಲ್ಲಿ ಹಾಡುವ ಇಂದಿನ ಅನೇಕ ಗಾಯಕಿಯರಲ್ಲಿ ನನಗೆ ಇವರ ನೆರಳು ಕಾಣುತ್ತದೆ, ಆದರೆ ಅದು ನನ್ನ ಕಿವಿಯ ತೀರ್ಮಾನ.

ಇಂಗ್ಲಿಷ್ ಹಾಡುಗಳ ಹಿನ್ನೆಲೆ ಗೊತ್ತಿಲ್ಲದ ಕನ್ನಡದ ಕೇಳುಗರಿಗೆ ಇದು ದಕ್ಕುತ್ತದೆಯೇ?

ಭಾವಗೀತೆ ಕೇಳಿ ಬೆಳೆದವರಿಗೆ ಖಂಡಿತ ದಕ್ಕುತ್ತದೆ. ಕವಿತೆಯ ಪದ ಮುಂದೆ, ರಾಗ ಅದರ ಬೆನ್ನಿಗೆ ಎಂಬ ಅಭ್ಯಾಸ ನಮ್ಮ ಕಿವಿಗಿದೆ. ಒಂದು ಸಾಲಿನ ಅರ್ಥಕ್ಕಾಗಿ ಲಯವನ್ನು ಕ್ಷಣಕಾಲ ತಡೆದು ಹಿಡಿಯುವುದನ್ನು ಮೆಚ್ಚುವವರು ನಾವು. ಡಿಯರಿ ಮಾಡುವುದೂ ಅದನ್ನೇ. ಶ್ಲೇಷೆ, ನ್ಯೂಯಾರ್ಕಿನ ಬೀದಿಗಳ ಹೆಸರು, ಮರೆತ ನಾಟಕಗಳ ಸಂದರ್ಭ ಒಂದೆರಡು ಕಡೆ ಅಡ್ಡ ಬರಬಹುದು. ಸಾಹಿತ್ಯವನ್ನು ಮುಂದಿಟ್ಟುಕೊಂಡು ಒಮ್ಮೆ ಓದಿ, ಆಮೇಲೆ ಕಾಗದ ಪಕ್ಕಕ್ಕಿಟ್ಟು ಕೇಳಿ.

ಎಲ್ಲಿಂದ ಆರಂಭಿಸಲಿ?

‘ಒನ್ಸ್ ಅಪಾನ್ ಎ ಸಮರ್‌ಟೈಮ್’ ಮೊದಲು. ಆಮೇಲೆ ‘ಗಿವ್ ಹಿಮ್ ದಿ ಊ ಲಾ ಲಾ’, ಅದರಲ್ಲಿಯೂ ‘ದೇ ಸೇ ಇಟ್ಸ್ ಸ್ಪ್ರಿಂಗ್’. ಮೂರನೆಯದಾಗಿ ರಾನಿ ಸ್ಕಾಟ್ಸ್‌ನ 1966ರ ನೇರ ಮುದ್ರಣ. ಸ್ವಂತ ರಚನೆಗಳಿಗೆ 1970ರ ‘ದ್ಯಾಟ್ಸ್ ಜಸ್ಟ್ ದ ವೇ ಐ ವಾಂಟ್ ಟು ಬಿ’ ಮತ್ತು ಡ್ಯಾಫೊಡಿಲ್‌ನ ಮೊದಲ ಆಲ್ಬಮ್. ವಾದ್ಯವೃಂದದ ಆಲ್ಬಮ್‌ಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು. ದನಿಪೆಟ್ಟಿಗೆಯ ಸದ್ದನ್ನು ಹೆಚ್ಚಿಸಬೇಡಿ. ಅವರು ಹಾಡಿದ ಮಟ್ಟದಲ್ಲೇ ಕೇಳಿದರೆ ಪಿಯಾನೊದ ಎಡಗೈ ಏನು ಮಾಡುತ್ತಿದೆ ಎಂಬುದೂ ಕೇಳುತ್ತದೆ.

ಅವರ ಹಾಡುಗಳನ್ನು ನಾನು ವೇದಿಕೆಯಲ್ಲಿ ಹಾಡಬೇಕೆಂದಿದ್ದೇನೆ. ಏನು ಗಮನಿಸಲಿ?

ದನಿಯನ್ನು ಅನುಕರಿಸಬೇಡಿ. ಎಳೆಯ ಮಗುವಿನಂತೆ ಹಾಡಿದರೆ ಅದು ಅಣಕವಾಗುತ್ತದೆ, ಡಿಯರಿ ಎಂದೂ ಮಗುವಿನಂತೆ ಹಾಡಲಿಲ್ಲ. ಅವರ ಲಯವನ್ನು ಕಲಿಯಿರಿ: ನೀವು ಸರಿ ಎಂದುಕೊಂಡ ವೇಗಕ್ಕಿಂತ ಒಂದಿಷ್ಟು ನಿಧಾನ. ಪಕ್ಕವಾದ್ಯ ಕಡಿಮೆ ಇರಲಿ, ಪಿಯಾನೊ ಮತ್ತು ಬಾಸ್ ಸಾಕು. ಮೈಕಿಗೆ ಹತ್ತಿರವಿದ್ದು, ಎದುರಿನ ಮೇಜಿನವರಿಗೆ ಹೇಳುವಷ್ಟೇ ದನಿಯಲ್ಲಿ ಹಾಡಿ. ಹಾಡಿನಲ್ಲಿ ನಗುವ ಸಾಲು ಬಂದಾಗ ನೀವು ನಗಬೇಡಿ. ‘ಐಯಾಮ್ ಶ್ಯಾಡೋಯಿಂಗ್ ಯೂ’ ಆರಂಭಕ್ಕೆ ಒಳ್ಳೆಯದು, ಅದರ ಲಯ ಹಾಡುವವರನ್ನು ತಾನೇ ಕರೆದೊಯ್ಯುತ್ತದೆ. ‘ಇನ್‌ಸೈಡ್ ಎ ಸೈಲೆಂಟ್ ಟಿಯರ್’ ಮಾತ್ರ ತಡವಾಗಿ ಎತ್ತಿಕೊಳ್ಳಿ. ಅದಕ್ಕೆ ಉಸಿರಿನ ಮೇಲೆ ಬಹಳ ಹಿಡಿತ ಬೇಕು.